ಕಟಕಟೆಯಲ್ಲಿ ನಾಲ್ವರು ಗೆಳೆಯರು: ‘ಸೈನ್‌ಫೆಲ್ಡ್’ ಕುರಿತ ಮೂರೂವರೆ ದಶಕದ ತಕರಾರು

1998ರ ಮೇ 14ರ ರಾತ್ರಿ ಅಮೆರಿಕದ ಸುಮಾರು 7.6 ಕೋಟಿ ಜನ ಎನ್‌ಬಿಸಿ ವಾಹಿನಿ ಹಾಕಿಕೊಂಡು ಕುಳಿತು, ವರ್ಷಗಟ್ಟಲೆ ತಮ್ಮನ್ನು ನಗಿಸಿದ್ದ ‘ಸೈನ್‌ಫೆಲ್ಡ್’ ಹಾಸ್ಯ ಧಾರಾವಾಹಿಯ ನಾಲ್ವರು ಗೆಳೆಯರು ಜೈಲು ಸೇರುವುದನ್ನು ನೋಡಿದರು. ಮ್ಯಾಸಚೂಸೆಟ್ಸ್‌ನ ಲ್ಯಾಥಮ್ ಎಂಬ ಕಲ್ಪಿತ ಊರಿನಲ್ಲಿ ಕಳ್ಳನೊಬ್ಬ ಬಂದೂಕು ತೋರಿಸಿ ದಢೂತಿ ಮನುಷ್ಯನೊಬ್ಬನ ಕಾರು ಕಸಿಯುತ್ತಿದ್ದಾಗ, ಜೆರ್ರಿ, ಜಾರ್ಜ್, ಇಲೇನ್ ಮತ್ತು ಕ್ರೇಮರ್ ನೆರವಿಗೆ ಧಾವಿಸುವುದಿರಲಿ, ಆತನ ಗಾತ್ರವನ್ನು ಗೇಲಿ ಮಾಡುತ್ತ ಆ ದೃಶ್ಯವನ್ನು ವಿಡಿಯೊ ಮಾಡಿಕೊಂಡು ನಿಂತಿದ್ದರು. ಆಪತ್ತಿನಲ್ಲಿರುವವರಿಗೆ ನೆರವಾಗುವುದು ಕಡ್ಡಾಯವೆನ್ನುವ ಆ ಊರಿನ ಹೊಸ ಕಾನೂನಿನಡಿ ಅವರಿಗೆ ಒಂದು ವರ್ಷದ ಸಜೆಯಾಯಿತು. ಈ ಕೊನೆಯ ಕಂತು ಎಬ್ಬಿಸಿದ ಅಸಮಾಧಾನ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ಒಳ್ಳೆಯವರಲ್ಲವೆಂದು ಎಲ್ಲರಿಗೂ ಗೊತ್ತಿದ್ದ ಪಾತ್ರಗಳಿಗೆ ಶಿಕ್ಷೆಯಾದರೆ ನೋಡುಗರು ನೊಂದುಕೊಂಡದ್ದೇಕೆ ಎಂಬುದನ್ನು ತಿಳಿಯಬೇಕಾದರೆ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

‘ದಿ ಸೈನ್‌ಫೆಲ್ಡ್ ಕ್ರಾನಿಕಲ್ಸ್’ ಎಂಬ ಹೆಸರಿನಲ್ಲಿ ಪೈಲಟ್ ಕಂತು, ಅಂದರೆ ಪ್ರಯೋಗಾರ್ಥವಾದ ಮೊದಲ ಕಂತು, ಪ್ರಸಾರವಾದದ್ದು 1989ರ ಜುಲೈ 5ರಂದು. ಅದಕ್ಕೂ ಮೊದಲೇ ವಾಹಿನಿಯವರು ಆಯ್ದ ವೀಕ್ಷಕರಿಗೆ ಅದನ್ನು ತೋರಿಸಿ ಅಭಿಪ್ರಾಯ ಕೇಳಿದ್ದರು. ಆ ಪರೀಕ್ಷೆಯ ವರದಿ ಈಗ ಟೆಲಿವಿಷನ್ ಚರಿತ್ರೆಯಲ್ಲಿ ಒಂದು ದಂತಕಥೆಯಾಗಿದೆ: ಒಟ್ಟಾರೆ ಪ್ರದರ್ಶನ ‘ದುರ್ಬಲ’, ಇದನ್ನು ಮತ್ತೆ ನೋಡಬೇಕೆಂಬ ಉತ್ಸಾಹ ವೀಕ್ಷಕರ ಯಾವ ವರ್ಗದಲ್ಲೂ ಕಾಣಲಿಲ್ಲ, ಇಬ್ಬರು ಗಂಡಸರು ಬಟ್ಟೆ ಒಗೆಯುವ ಅಂಗಡಿಗೆ ಹೋಗುವುದರಲ್ಲಿ ನೋಡುವಂಥದ್ದೇನಿದೆ ಎಂಬ ಗೊಣಗಾಟ ಬೇರೆ. ವಾಹಿನಿಯ ಮುಖ್ಯಸ್ಥ ಬ್ರ್ಯಾಂಡನ್ ಟಾರ್ಟಿಕಾಫ್ ಅವರಿಗೂ ಇದು ತೀರ ನ್ಯೂಯಾರ್ಕಿನದು, ತೀರ ಯಹೂದಿಗಳದು ಎನ್ನಿಸಿತ್ತು. ಹಾಸ್ಯ ಧಾರಾವಾಹಿಗಳ ವಿಭಾಗಕ್ಕೆ ಸೇರದೆ, ತಡರಾತ್ರಿಯ ಮತ್ತು ವಿಶೇಷ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದ ರಿಕ್ ಲಡ್ವಿನ್ ಎಂಬ ಅಧಿಕಾರಿ, ಹಾಸ್ಯನಟ ಬಾಬ್ ಹೋಪ್ ಅವರ ಒಂದು ವಿಶೇಷ ಕಾರ್ಯಕ್ರಮಕ್ಕೆ ಇಟ್ಟಿದ್ದ ಹಣವನ್ನು ತಿರುಗಿಸಿ ಇನ್ನು ನಾಲ್ಕೇ ನಾಲ್ಕು ಕಂತುಗಳಿಗೆ ಅವಕಾಶ ಮಾಡಿಕೊಟ್ಟರು. ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಲೇನ್ ಪಾತ್ರ ಸೇರಿದ್ದೂ ಆ ಪೈಲಟ್ ಕಂತಿನ ನಂತರವೇ.

ಆ ವರದಿಯನ್ನು ಇಂದು ಓದುವವರು ಪರೀಕ್ಷೆಗೆ ಕುಳಿತವರ ದಡ್ಡತನಕ್ಕೆ ನಗುವುದು ವಾಡಿಕೆ. ನನ್ನ ಲೆಕ್ಕದಲ್ಲಿ ಅವರು ತಪ್ಪೇನೂ ಹೇಳಲಿಲ್ಲ. ಎನ್‌ಬಿಸಿಯಲ್ಲೇ ‘ದಿ ಕಾಸ್ಬಿ ಶೋ’ ಮೆರೆಯುತ್ತಿದ್ದ ಕಾಲ ಅದು. ಅರ್ಧ ಗಂಟೆಯ ಹಾಸ್ಯವೆಂದರೆ ಮನೆಮಂದಿಯ ನಡುವೆ ಸಣ್ಣ ಮನಸ್ತಾಪ, ಕೊನೆಗೊಂದು ಬುದ್ಧಿಮಾತು, ಅಪ್ಪುಗೆ. ಜೆರ್ರಿಯ ಪಾತ್ರ ವಹಿಸಿದ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಜೊತೆಗೂಡಿ ಇದನ್ನು ರೂಪಿಸಿದ ಲ್ಯಾರಿ ಡೇವಿಡ್ ಬರಹಗಾರರಿಗೆ ಹಾಕಿದ ಕಟ್ಟಳೆ ಅದಕ್ಕೆ ನೇರ ವಿರುದ್ಧವಾಗಿತ್ತು: ಅಪ್ಪಿಕೊಳ್ಳುವಂತಿಲ್ಲ, ಪಾಠ ಕಲಿಯುವಂತಿಲ್ಲ. 1991ರ ಮೇ ತಿಂಗಳಲ್ಲಿ ಬಂದ ಒಂದು ಕಂತು ಪೂರ್ತಿಯಾಗಿ ಚೀನೀ ಹೋಟೆಲೊಂದರಲ್ಲಿ ಮೇಜು ಖಾಲಿಯಾಗಲೆಂದು ಮೂವರು ಕಾಯುವುದರಲ್ಲೇ ಕಳೆಯುತ್ತದೆ. ಕಥೆಯೇ ಇಲ್ಲವಲ್ಲ ಎಂದು ವಾಹಿನಿಯ ಅಧಿಕಾರಿಗಳು ತಲೆ ಕೆಡಿಸಿಕೊಂಡಿದ್ದರು. ಹೀಗಿರುವಾಗ ಪಾತ್ರಗಳ ಮೇಲೆ ಅಕ್ಕರೆ ಹುಟ್ಟುವುದಾದರೂ ಎಲ್ಲಿಂದ?

ಆದರೂ ಹುಟ್ಟಿತು, ನಿಧಾನವಾಗಿ. 1993ರ ಫೆಬ್ರುವರಿಯಲ್ಲಿ ಗುರುವಾರ ರಾತ್ರಿ ಜನಪ್ರಿಯ ‘ಚಿಯರ್ಸ್’ ಮುಗಿದೊಡನೆ ಇದನ್ನು ಹಾಕತೊಡಗಿದ ಮೇಲೆ ನೋಡುಗರ ಸಂಖ್ಯೆ ಏರಿತು. ಅದೇ ವರ್ಷ ಅತ್ಯುತ್ತಮ ಹಾಸ್ಯ ಧಾರಾವಾಹಿಗೆ ಎಮ್ಮಿ ಪ್ರಶಸ್ತಿ ಬಂತು. 1994–95ರಲ್ಲಿ ದೇಶದಲ್ಲೇ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಯಿತು. ಪ್ರಸಾರದ ಸಮಯ ಬದಲಾದದ್ದರ ಪಾಲು ಇದರಲ್ಲಿ ದೊಡ್ಡದು. ಆದರೆ ಅಕ್ಕರೆಯ ಗುಟ್ಟು ಕಂತಿನ ಹೆಣಿಗೆಯಲ್ಲಿತ್ತು ಎನ್ನಬೇಕು. ಜಾಹೀರಾತು ಕಳೆದು ಉಳಿಯುವ ಇಪ್ಪತ್ತಮೂರು ನಿಮಿಷದೊಳಗೆ ನಾಲ್ವರ ನಾಲ್ಕು ಸ್ವಾರ್ಥಗಳು ಬೇರೆ ಬೇರೆಯಾಗಿ ಹೊರಟು ಕೊನೆಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮತ್ತು ಬಹುತೇಕ ಅವರೇ ಸೋಲುತ್ತಾರೆ. ಆ ವಾರದ ತಪ್ಪಿಗೆ ಆ ವಾರವೇ ದಂಡ ಕಟ್ಟಿದಂತಾಗಿ, ಮುಂದಿನ ಗುರುವಾರ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

1994ರ ಒಂದು ಕಂತಿನಲ್ಲಿ ಜಾರ್ಜ್ ತನ್ನ ಗೆಳತಿಯ ಮಗನ ಹುಟ್ಟುಹಬ್ಬಕ್ಕೆ ಹೋಗಿರುತ್ತಾನೆ. ಅಡುಗೆಮನೆಯಲ್ಲಿ ಹೊಗೆ ಕಂಡದ್ದೇ ತಡ, ಬೆಂಕಿ ಎಂದು ಚೀರಿ, ಮಕ್ಕಳನ್ನೂ ಕೋಡಂಗಿ ವೇಷದವನನ್ನೂ ಊರುಗೋಲಿನ ಮುದುಕಿಯನ್ನೂ ತಳ್ಳಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಓಡುತ್ತಾನೆ. ಆಮೇಲೆ ಬೀದಿಯಲ್ಲಿ ನಿಂತು, ಹಿಂದೆ ಬರುವವರಿಗೆ ದಾರಿ ಸುರಕ್ಷಿತವಾಗಿದೆಯೇ ಎಂದು ನೋಡಲು ತಾನು ಮುಂದಾಳಾಗಿ ಹೊರಟದ್ದಾಗಿ ಗಂಭೀರವಾಗಿ ವಾದಿಸುತ್ತಾನೆ. ಇಷ್ಟಾದ ಮೇಲೆ ನಿನ್ನೊಂದಿಗೆ ನೀನು ಹೇಗೆ ಬಾಳುತ್ತೀಯ ಎಂದು ಅಗ್ನಿಶಾಮಕ ದಳದವನು ಕೇಳಿದರೆ, ಅದೇನು ಸುಲಭವಲ್ಲ ಎನ್ನುತ್ತಾನೆ. ಈ ಉತ್ತರ ಕೇಳಿದ ಮೇಲೆ ಜಾರ್ಜ್‌ನನ್ನು ದ್ವೇಷಿಸುವುದು ಕಷ್ಟ. ಹೇಡಿತನವನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರು ಸಜ್ಜನರಲ್ಲೂ ಕಡಿಮೆ.

ಆದರೆ ಎಲ್ಲ ತಪ್ಪುಗಳೂ ಹೀಗೆ ಆ ವಾರಕ್ಕೇ ಚುಕ್ತಾ ಆಗುತ್ತಿರಲಿಲ್ಲ. ಬಾಬು ಭಟ್ ಎಂಬ ಪಾಕಿಸ್ತಾನಿ ಹೋಟೆಲಿನವನನ್ನು ನೋಡಿ. 1991ರಲ್ಲಿ ಜೆರ್ರಿಯ ಬಿಟ್ಟಿ ಸಲಹೆ ಕೇಳಿ ತನ್ನ ಹೋಟೆಲನ್ನು ಪಾಕಿಸ್ತಾನಿ ಅಡುಗೆಯದನ್ನಾಗಿ ಬದಲಿಸಿ ದಿವಾಳಿಯಾದವನು, 1993ರಲ್ಲಿ ಮರಳಿ ಬರುತ್ತಾನೆ. ಅವನ ವೀಸಾ ನವೀಕರಣದ ಕಾಗದ ತಪ್ಪಿ ಜೆರ್ರಿಯ ಅಂಚೆಯೊಳಗೆ ಸೇರಿ, ಯಾರೂ ಗಮನಿಸದೆ ಬಿದ್ದಿದ್ದು, ಕೊನೆಗೆ ಅವನನ್ನು ಗಡೀಪಾರು ಮಾಡಲಾಗುತ್ತದೆ. ನ್ಯೂಯಾರ್ಕಿನ ಪ್ರೇಕ್ಷಕನಿಗೆ ಬಾಬು ಬೆರಳು ಆಡಿಸುತ್ತ ಜೆರ್ರಿಯನ್ನು ಬೈಯುವ ಧಾಟಿಯೇ ನಗೆ. ಬಂಧುಬಳಗದಲ್ಲಿ ಒಬ್ಬರಾದರೂ ವೀಸಾ ಕಾಗದಕ್ಕಾಗಿ ಕಾದಿರುವ ನಮ್ಮಂಥವರಿಗೆ ಆ ನಗೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ವೀಕ್ಷಕರಲ್ಲಿ ಎದ್ದು ಕಾಣುವ ಬಿರುಕು ಮೂಡಿದ್ದು 1996ರ ಮೇ 16ರಂದು. ಜಾರ್ಜ್ ಮದುವೆಯಾಗಬೇಕಿದ್ದ ಸೂಸನ್, ಅವನು ಜಿಪುಣತನದಿಂದ ಆರಿಸಿದ ಅತಿ ಅಗ್ಗದ ಆಹ್ವಾನ ಪತ್ರಿಕೆಗಳ ಲಕೋಟೆಯ ಅಂಟನ್ನು ನೆಕ್ಕಿ ನೆಕ್ಕಿ ವಿಷವೇರಿ ಸಾಯುತ್ತಾಳೆ. ಆಸ್ಪತ್ರೆಯಲ್ಲಿ ವೈದ್ಯರು ಸುದ್ದಿ ಹೇಳುವಾಗ ಜಾರ್ಜ್‌ನ ಮುಖದಲ್ಲಿ ಹಾದುಹೋಗುವುದು ಬಿಡುಗಡೆಯ ಭಾವ. ಒಂದೆರಡು ಗಳಿಗೆ ಮುಜುಗರದಿಂದ ನಿಂತ ಗೆಳೆಯರು ಕಾಫಿ ಕುಡಿಯೋಣವೆಂದು ಹೊರಟುಬಿಡುತ್ತಾರೆ. ಆಮೇಲೆ ಅವನು ನಟಿ ಮರಿಸಾ ಟೊಮೆಗೆ ಫೋನು ಮಾಡಿ, ನಾಳೆ ಅಂತ್ಯಕ್ರಿಯೆಯಿದೆ, ವಾರಾಂತ್ಯಕ್ಕೆ ಬಿಡುವಾಗಿದ್ದೇನೆ ಎನ್ನುತ್ತಾನೆ. ಅಲ್ಲಿಯವರೆಗೆ ಜೊತೆಯಲ್ಲಿ ನಕ್ಕವರಲ್ಲೇ ಹಲವರು ಇದು ಅತಿಯಾಯಿತೆಂದರೆ, ಧಾರಾವಾಹಿ ತನ್ನ ಮಾತಿಗೆ ನಿಷ್ಠವಾಗಿ ಉಳಿದದ್ದು ಇಲ್ಲಿಯೇ ಎಂದು ಮತ್ತೆ ಕೆಲವರು ಮೆಚ್ಚಿದರು. ನಾನು ಎರಡನೆಯ ಗುಂಪಿನವನು. ಅದನ್ನು ಬರೆದು ಲ್ಯಾರಿ ಡೇವಿಡ್ ಧಾರಾವಾಹಿಯಿಂದ ಹೊರನಡೆದರು. ಮತ್ತೆ ಬಂದದ್ದು ಕೊನೆಯ ಕಂತು ಬರೆಯಲಿಕ್ಕೆ.

ಆ ಕೊನೆಯ ಕಂತಿಗೆ ಒಂದು ವಾರ ಮೊದಲು ಬೇರೊಂದು ಬಗೆಯ ದೂರು ಎದ್ದಿತ್ತು. ಪೋರ್ಟೊ ರಿಕೊ ದಿನಾಚರಣೆಯ ಮೆರವಣಿಗೆಯ ಕಂತಿನಲ್ಲಿ ಕ್ರೇಮರ್ ಅಕಸ್ಮಾತ್ತಾಗಿ ಆ ದ್ವೀಪದ ಬಾವುಟಕ್ಕೆ ಬೆಂಕಿ ತಗುಲಿಸಿ, ಆರಿಸಲೆಂದು ಅದನ್ನು ತುಳಿಯುತ್ತಾನೆ. ಪ್ರತಿಭಟನೆಗಳಾದವು, ವಾಹಿನಿ ಕ್ಷಮೆ ಕೇಳಿತು, ಆ ಕಂತು ಕೆಲಕಾಲ ಮರುಪ್ರಸಾರದಿಂದ ಹೊರಗುಳಿಯಿತು.

ಕೊನೆಯ ಕಂತಿನಲ್ಲಿ ಲ್ಯಾರಿ ಡೇವಿಡ್ ಮಾಡಿದ್ದು ಇಷ್ಟೆ: ವಾರವಾರವೂ ಚುಕ್ತಾ ಆಗಿದೆಯೆಂದು ವೀಕ್ಷಕರು ಭಾವಿಸಿದ್ದ ಖಾತೆಗಳನ್ನೆಲ್ಲ ಹೊರತೆಗೆದು ಒಟ್ಟು ಕೂಡಿಸಿದರು. ಜೆರ್ರಿ ಬ್ರೆಡ್ಡು ಕಸಿದುಕೊಂಡಿದ್ದ ಮುದುಕಿ, ಸೂಪು ಮಾರುವ ಮುಂಗೋಪಿ, ಕಾಯಿಲೆಯಿಂದಾಗಿ ಪ್ಲಾಸ್ಟಿಕ್ ಗುಳ್ಳೆಯೊಳಗೇ ಬದುಕುವ ಹುಡುಗ, ಪಾಕಿಸ್ತಾನದಿಂದ ಬಂದ ಬಾಬು, ಹೀಗೆ ಒಬ್ಬೊಬ್ಬರೂ ಸಾಕ್ಷಿಕಟ್ಟೆ ಏರಿದರು. ಬಿಡಿಬಿಡಿಯಾಗಿ ನೋಡಿದಾಗ ನಗೆಯಾಗಿದ್ದದ್ದು ಸಾಲಾಗಿ ನಿಂತಾಗ ದೋಷಾರೋಪ ಪಟ್ಟಿಯಾಯಿತು, ಮತ್ತು ಅದೇ ಪಟ್ಟಿಗೆ ಒಂಬತ್ತು ವರ್ಷ ನಕ್ಕವರು ತಾವೂ ಆ ನಾಲ್ವರ ಪಕ್ಕ ಕಟಕಟೆಯಲ್ಲಿ ನಿಂತಂತೆ ಅನುಭವಿಸಿದರು. ಕಂತಿನಲ್ಲಿ ನಗೆ ಕಡಿಮೆಯಿತ್ತು ಎಂಬ ವಿಮರ್ಶೆಯೂ ನಿಜವೇ. ಆದರೆ ನಗೆ ಸಪ್ಪೆಯಾದ ಕಂತುಗಳನ್ನು ಜನ ಮರೆಯುತ್ತಾರೆ, ಇದನ್ನು ಮರೆಯಲಿಲ್ಲ. ಇಷ್ಟೆಲ್ಲ ಆದರೂ 2002ರಲ್ಲಿ ‘ಟಿವಿ ಗೈಡ್’ ಪತ್ರಿಕೆ ‘ಸೈನ್‌ಫೆಲ್ಡ್’ ಅನ್ನು ಸಾರ್ವಕಾಲಿಕ ಶ್ರೇಷ್ಠ ಕಾರ್ಯಕ್ರಮಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿತು.

ಮುಂದಿನ ತಲೆಮಾರಿಗೆ ಈ ಸಂಕಟವಿಲ್ಲ. 2005ರಲ್ಲಿ ಶುರುವಾದ ‘ಇಟ್ಸ್ ಆಲ್ವೇಸ್ ಸನಿ ಇನ್ ಫಿಲಡೆಲ್ಫಿಯಾ’ ತನ್ನ ಹೆಂಡದಂಗಡಿಯ ಗೆಳೆಯರು ನೀಚರೆಂದು ಮೊದಲ ದಿನದಿಂದಲೇ ಸಾರಿಬಿಟ್ಟದ್ದರಿಂದ ಅಲ್ಲಿ ಯಾರಿಗೂ ಮೋಸವಾಗುವುದಿಲ್ಲ. ‘ಸೈನ್‌ಫೆಲ್ಡ್’ನ 180 ಕಂತುಗಳೂ 2021ರ ಅಕ್ಟೋಬರ್‌ನಿಂದ ನೆಟ್‌ಫ್ಲಿಕ್ಸ್‌ನಲ್ಲಿ ದೊರೆಯುತ್ತಿವೆ. ಅಂದಿನವರು ವಾರಕ್ಕೊಮ್ಮೆ ನೋಡಿದ್ದನ್ನು ಇಂದಿನವರು, ಬೆಂಗಳೂರಿನಲ್ಲಿ ಕುಳಿತವರೂ ಸೇರಿ, ಒಂದೇ ಕೂರಿಕೆಯಲ್ಲಿ ಆರೇಳು ಕಂತು ನೋಡುತ್ತಾರೆ. ನಡುವೆ ಮರೆಯಲು ಒಂದು ವಾರದ ಬಿಡುವಿಲ್ಲದ ಕಾರಣ ಲೆಕ್ಕ ತಾನಾಗಿಯೇ ಕೂಡುತ್ತ ಹೋಗುತ್ತದೆ. ಹೀಗೆ ನೋಡಿದವರಿಗೆ ಆ ತೀರ್ಪು ಆಘಾತವೆನಿಸಬೇಕಾಗಿಲ್ಲ.

ಲ್ಯಾರಿ ಡೇವಿಡ್ ಮಾತ್ರ ಪಟ್ಟು ಬಿಡಲಿಲ್ಲ. ಅವರು ತಮ್ಮದೇ ಹೆಸರಿನ ಪಾತ್ರದಲ್ಲಿ ನಟಿಸಿದ ಧಾರಾವಾಹಿ ‘ಕರ್ಬ್ ಯುವರ್ ಎಂಥೂಸಿಯಾಸಂ’ 2024ರ ಏಪ್ರಿಲ್ 7ರಂದು ಮುಗಿದಾಗ, ಮತದಾನದ ಸಾಲಿನಲ್ಲಿದ್ದ ಹೆಂಗಸೊಬ್ಬರಿಗೆ ನೀರಿನ ಬಾಟಲಿ ಕೊಟ್ಟ ಅಪರಾಧಕ್ಕಾಗಿ ಅಮೆರಿಕದ ಜಾರ್ಜಿಯಾ ರಾಜ್ಯದ ನ್ಯಾಯಾಲಯದಲ್ಲಿ ಸ್ವತಃ ಅವರ ಪಾತ್ರವೇ ನಿಂತಿತ್ತು. ಅದೇ ಬಗೆಯ ಸಾಕ್ಷಿಗಳು, ಅದೇ ಒಂದು ವರ್ಷದ ಸಜೆ. ಈ ಸಲ ಜೆರ್ರಿ ಸೈನ್‌ಫೆಲ್ಡ್ ಬಂದು ವಿಚಾರಣೆ ರದ್ದಾದ ಸುದ್ದಿ ಹೇಳಿ ಅವರನ್ನು ಹೊರಗೆ ಕರೆತರುತ್ತಾರೆ. ಆ ಕೊನೆಯ ಕಂತನ್ನೂ ಹೀಗೇ ಮುಗಿಸಬೇಕಿತ್ತು ಎಂದು, ಇಪ್ಪತ್ತಾರು ವರ್ಷದ ಬಳಿಕ, ಇಬ್ಬರೂ ಆಗಷ್ಟೇ ಹೊಳೆದವರಂತೆ ಮಾತಾಡಿಕೊಳ್ಳುತ್ತಾರೆ.