ಬೀಗ ಹಾಕಿದ ಕೋಣೆ, ಮನೆ ಸಿಗದ ಬಾಡಿಗೆದಾರ: ನಡುವೆ ಬೇಕಾದ ಕರಾರು

ಕೈಗೆಟುಕುವ ಮನೆಗಳ ಕೊರತೆಯ ಮಾತು ಬಂದಾಗಲೆಲ್ಲ ಹೊಸ ಕಟ್ಟಡಗಳ ಲೆಕ್ಕವೇ ಮುನ್ನೆಲೆಗೆ ಬರುತ್ತದೆ. ಅದು ತಪ್ಪಲ್ಲ. ಆದರೆ ಜಮೀನು ಹೊಂದಿಸಿ, ನಕ್ಷೆಗೆ ಮಂಜೂರಾತಿ ಪಡೆದು, ಕಟ್ಟಿ ಮುಗಿಸುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ಅದೇ ಊರಿನಲ್ಲಿ ಮಕ್ಕಳು ಬೇರೆಡೆ ನೆಲೆಸಿದ, ಸಂಗಾತಿ ತೀರಿಕೊಂಡ ಹಿರಿಯರ ಮನೆಗಳಲ್ಲಿ ಒಂದೆರಡು ಕೋಣೆಗಳಿಗೆ ಬೀಗ ಬಿದ್ದೇ ಇರುತ್ತದೆ. ಆ ಕೋಣೆಗಳನ್ನು ವಾಸಕ್ಕೆ ತೆರೆಯುವ ವ್ಯವಸ್ಥೆಯೇ ಮನೆ ಹಂಚಿಕೆ. ಮಾಲೀಕರು ಅದೇ ಮನೆಯಲ್ಲಿ ಉಳಿಯುತ್ತಾರೆ. ಬಂದವರು ಕಡಿಮೆ ಬಾಡಿಗೆ ಕೊಡುತ್ತಾರೆ, ಇಲ್ಲವೇ ಬಾಡಿಗೆಯ ಬದಲಿಗೆ ಮನೆಗೆಲಸದಲ್ಲಿ ನೆರವಾಗುತ್ತಾರೆ. ಇಬ್ಬರನ್ನೂ ಹೊಂದಿಸಿ, ಕರಾರು ಬರೆಸಿ, ಆಮೇಲೂ ವಿಚಾರಿಸುತ್ತಿರುವುದು ನನ್ನ ವೃತ್ತಿ.

ಈ ವಿಚಾರಕ್ಕೆ ಅಮೆರಿಕದಲ್ಲಿ ಸಂಘಟಿತ ರೂಪ ಕೊಟ್ಟವರಲ್ಲಿ ಮ್ಯಾಗಿ ಕುನ್ ಪ್ರಮುಖರು. 65ರ ವಯಸ್ಸಾಯಿತೆಂದು 1970ರಲ್ಲಿ ಕಡ್ಡಾಯ ನಿವೃತ್ತಿಗೊಳಗಾದ ಅವರು ಹಿರಿಯರ ಹಕ್ಕುಗಳಿಗಾಗಿ ಹೋರಾಡುವ ಗ್ರೇ ಪ್ಯಾಂಥರ್ಸ್ ಸಂಘಟನೆಯನ್ನು ಕಟ್ಟಿದ್ದಲ್ಲದೆ, ಫಿಲಡೆಲ್ಫಿಯಾದ ತಮ್ಮ ಮನೆಯಲ್ಲಿ ಕಿರಿಯರಿಗೆ ಜಾಗ ಕೊಟ್ಟು ಅವರೊಡನೆ ಬಾಳಿದರು. ಫ್ರಾನ್ಸ್ 2018ರ ಎಲಾನ್ ಎಂಬ ವಸತಿ ಕಾಯ್ದೆಯ ಮೂಲಕ 60 ದಾಟಿದವರು 30ರೊಳಗಿನ ಯುವಜನರಿಗೆ ಮನೆಯ ಒಂದು ಭಾಗವನ್ನು ಕೊಡುವುದಕ್ಕೆಂದೇ ಪ್ರತ್ಯೇಕ ಕರಾರನ್ನು ರೂಪಿಸಿತು. ಬ್ರಿಟನ್ನಿನಲ್ಲಿ ತಾವಿರುವ ಮನೆಯ ಸಜ್ಜುಗೊಳಿಸಿದ ಕೋಣೆಯನ್ನು ಬಾಡಿಗೆಗೆ ಕೊಡುವವರಿಗೆ ವರ್ಷಕ್ಕೆ 7,500 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗಿರುವುದು ಜರ್ಮನಿಯ ಹಲವು ನಗರಗಳಲ್ಲಿ ರೂಢಿಯಲ್ಲಿರುವ ಸರಳ ಅಳತೆ: ಕೋಣೆಯ ಪ್ರತಿ ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆಯ ನೆರವು. 15 ಚದರ ಮೀಟರಿನ ಕೋಣೆಯಾದರೆ ತಿಂಗಳಿಗೆ 15 ಗಂಟೆ, ಅಂದರೆ ದಿನಕ್ಕೆ ಸುಮಾರು ಅರ್ಧ ಗಂಟೆ. ನೀರು, ವಿದ್ಯುತ್ತಿನ ಖರ್ಚು ಬೇರೆ. ಸಾಮಾನು ತರುವುದು, ತೋಟ ನೋಡಿಕೊಳ್ಳುವುದು, ಜೊತೆಯಲ್ಲಿ ಹೊರಗೆ ಹೋಗಿಬರುವುದು ಈ ಲೆಕ್ಕದಲ್ಲಿ ಸೇರುತ್ತವೆ. ಸ್ನಾನ ಮಾಡಿಸುವುದು, ಔಷಧೋಪಚಾರ ಮಾಡುವುದು ಸೇರುವುದಿಲ್ಲ. ಈ ಗೆರೆಯನ್ನು ಎಳೆಯದ ಕಡೆ ಮನೆ ಹಂಚಿಕೆ ಸಂಬಳವಿಲ್ಲದ ದಾದಿಯ ಕೆಲಸವಾಗಿ ಜಾರುವುದನ್ನು ನಾನು ಕಂಡಿದ್ದೇನೆ. ಹಿರಿಯರ ಆರೋಗ್ಯ ದಿನೇ ದಿನೇ ಕುಗ್ಗುತ್ತದೆ, ಅರ್ಧ ಗಂಟೆ ಎರಡು ಗಂಟೆಯಾಗುತ್ತದೆ, ಬೇರೆಲ್ಲೂ ಮನೆ ಸಿಗದ ಯುವತಿ ಬಾಯಿಬಿಟ್ಟು ಹೇಳಲಾರಳು. ಅವಳ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ.

ಆದ್ದರಿಂದ ಕರಾರು ಪತ್ರದಲ್ಲಿ ಹಣದ ವಿಷಯಕ್ಕಿಂತ ದಿನಚರಿಯ ವಿಷಯಗಳೇ ಹೆಚ್ಚು ಜಾಗ ಹಿಡಿಯಬೇಕು. ಫ್ರಿಜ್ಜಿನ ಯಾವ ಅಂಕಣ ಯಾರದು, ರಾತ್ರಿ ಎಷ್ಟು ಹೊತ್ತಿನವರೆಗೆ ಒಲೆ ಹೊತ್ತಿಸಬಹುದು, ಗೆಳೆಯರು ಬಂದು ತಂಗಬಹುದೇ, ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಳ್ಳಬಹುದೇ, ಮಾಲೀಕರ ಮಗ ರಜೆಗೆ ಬಂದರೆ ಕೋಣೆ ಯಾರಿಗೆ? ಮೊದಲ ಭೇಟಿಯಲ್ಲಿ ಇಂಥ ಪ್ರಶ್ನೆಗಳನ್ನು ಓದಿದಾಗ ‘ಅಷ್ಟೆಲ್ಲ ಬರೆಯುವುದೇಕೆ, ಹೊಂದಿಕೊಂಡು ಹೋಗುತ್ತೇವೆ’ ಎಂದು ಇಬ್ಬರೂ ಸಂಕೋಚದಿಂದ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಬರೆದಿಟ್ಟ ಮಾತನ್ನು ನೆನಪಿಸುವುದು ಸುಲಭ. ಬರೆಯದ ಮಾತನ್ನು ಎತ್ತಿದರೆ ಅದು ದೂರಿನಂತೆ ಕೇಳಿಸುತ್ತದೆ. ಸಹಿಗೆ ಮುಂಚೆ ಎರಡೂ ಕಡೆಯವರ ಹಿನ್ನೆಲೆಯ ಪರಿಶೀಲನೆ, ಕೆಲವು ವಾರಗಳ ಪ್ರಾಯೋಗಿಕ ವಾಸ, ಇವೆರಡನ್ನೂ ಬಿಡುವಂತಿಲ್ಲ.

ಬಿಟ್ಟುಹೋಗುವ ಷರತ್ತಿಗೂ ಅಷ್ಟೇ ಗಮನ ಬೇಕು. ಮಾಲೀಕರೊಂದಿಗೆ ಒಂದೇ ಮನೆಯಲ್ಲಿರುವವರಿಗೆ ಪ್ರತ್ಯೇಕ ಮನೆಯ ಬಾಡಿಗೆದಾರರಿಗಿರುವ ಕಾನೂನಿನ ರಕ್ಷಣೆ ಅನೇಕ ದೇಶಗಳಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಅಡುಗೆಮನೆ, ಹಜಾರ ಹಂಚಿಕೊಂಡಿರುವ ಒಳವಾಸಿಯನ್ನು, ಅಂದರೆ ಮಾಲೀಕರ ಮನೆಯಲ್ಲೇ ಕೋಣೆ ಹಿಡಿದವರನ್ನು, ‘ಸಮಂಜಸ’ವಾದ ಅವಧಿಯ ನೋಟಿಸು ಕೊಟ್ಟು ಹೊರಕಳಿಸಬಹುದು, ನ್ಯಾಯಾಲಯದ ಆದೇಶ ಬೇಕಿಲ್ಲ. ಫ್ರಾನ್ಸಿನ ಕರಾರು ಎರಡೂ ಕಡೆಗೆ ಒಂದು ತಿಂಗಳ ಮುನ್ಸೂಚನೆಯನ್ನು ಕಡ್ಡಾಯ ಮಾಡಿದೆ. ಮಾಲೀಕರು ಆಸ್ಪತ್ರೆ ಸೇರಿದರೆ ಅಥವಾ ತೀರಿಕೊಂಡರೆ ಒಳವಾಸಿ ಎಷ್ಟು ದಿನ ಇರಬಹುದು ಎಂಬುದನ್ನು ಮೊದಲೇ ಬರೆಯದಿದ್ದರೆ, ವಾರಸುದಾರರು ಬಂದ ದಿನವೇ ಗಂಟುಮೂಟೆ ಕಟ್ಟಬೇಕಾದೀತು.

ಈ ವ್ಯವಸ್ಥೆಯ ಮಿತಿಗಳನ್ನೂ ಹೇಳಬೇಕು. ಇದು ಒಂಟಿಯಾಗಿರುವ ವಿದ್ಯಾರ್ಥಿಗಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಪ್ಪುತ್ತದೆ. ಮಕ್ಕಳಿರುವ ಸಂಸಾರಕ್ಕೆ ಒಂದು ಕೋಣೆ ಮನೆಯಾಗದು. ಸರ್ಕಾರಗಳು ಇದನ್ನು ತೋರಿಸಿ ವಸತಿ ನಿರ್ಮಾಣದ ಹೊಣೆಯಿಂದ ಜಾರಿಕೊಳ್ಳಬಾರದು. ಅವು ನಿಜವಾಗಿ ಹಣ ಹಾಕಬೇಕಾದದ್ದು ಮಾಲೀಕರನ್ನೂ ಒಳವಾಸಿಗಳನ್ನೂ ಜೋಡಿಸುವ ಸಿಬ್ಬಂದಿಗೆ, ಏಕೆಂದರೆ ಇಲ್ಲಿ ಇಟ್ಟಿಗೆ, ಸಿಮೆಂಟಿನ ಖರ್ಚಿಲ್ಲದಿದ್ದರೂ ಮನುಷ್ಯರ ಸಮಯದ ಖರ್ಚು ದೊಡ್ಡದು. ಕೋಣೆ ತೆರೆಯಬೇಕೆಂದಿರುವವರು ಹೀಗೆ ಜೋಡಿಸುವ ಯಾವುದೇ ಸಂಸ್ಥೆಯನ್ನು ಮೊದಲು ಕೇಳಬೇಕಾದದ್ದು ಶುಲ್ಕ ಎಷ್ಟೆಂದಲ್ಲ. ಒಳವಾಸಿ ಬಂದ ಮೂರನೆಯ ತಿಂಗಳು, ಆರನೆಯ ತಿಂಗಳು ನಿಮ್ಮವರು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸುತ್ತಾರೆಯೇ ಎಂದು.