ಹತ್ತನೆಯ ಕಾರೂ ಮೊದಲನೆಯದರಂತೆಯೇ ಬರಬೇಕಾದರೆ

ಕಲಬುರಗಿಯ ಕಪನೂರಿನಲ್ಲೋ ಬೀದರಿನ ಕೊಳಾರದಲ್ಲೋ ಒಂದು ಒಳ್ಳೆಯ ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋಗಿ ನೋಡಿ. ಟ್ರ್ಯಾಕ್ಟರ್ ಟ್ರಾಲಿ, ನೀರಿನ ಟ್ಯಾಂಕರ್, ರಾಶಿ ಯಂತ್ರದ ಜಾಲರಿ, ಏನು ಹೇಳಿದರೂ ಬೆಸೆದು ಕೊಡುವ ಕೈ ಅಲ್ಲಿರುತ್ತದೆ. ಆ ಕೈಗೆ ಎರಡು ಸೀಟಿನ ಪುಟ್ಟ ಕಾರೊಂದನ್ನು ಕಟ್ಟುವುದು ಅಸಾಧ್ಯವೇನಲ್ಲ. ಆದರೆ ಕಿಟ್ ಕಾರು ಅಂದರೆ ಅಷ್ಟೇ ಅಲ್ಲ. ಕಟ್ಟಿದ ಕಾರನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗೆ ತುಂಬಿ ಮಾರಬೇಕು. ಅದನ್ನು ಹಿಂದೆಂದೂ ನೋಡಿರದವರು ಸ್ಪ್ಯಾನರ್ ಸೆಟ್ಟು, ಜಾಕು ಇಟ್ಟುಕೊಂಡು ತಮ್ಮ ಶೆಡ್ಡಿನಲ್ಲಿ ಜೋಡಿಸಬೇಕು. ಹಾಗೆ ಜೋಡಿಸಿದ ಮೇಲೂ ಅದು ನೆಟ್ಟಗೆ ಓಡಬೇಕು, ನೆಟ್ಟಗೆ ನಿಲ್ಲಬೇಕು. ಒಂದು ಕಾರು ಕಟ್ಟಲು ಮಿಸ್ತ್ರಿಯ ಜಾಣ್ಮೆ ಸಾಕು. ಹತ್ತು ಕಾರು ಒಂದೇ ಥರ ಬರಬೇಕಾದರೆ ಆ ಜಾಣ್ಮೆಯನ್ನು ಉಕ್ಕಿನಲ್ಲಿ, ಅಳತೆಯಲ್ಲಿ, ಕಾಗದದಲ್ಲಿ ಇಳಿಸಿಡಬೇಕು.

ಈ ಬಗೆಯ ಕಾರುಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರಾದದ್ದು 1957ರಲ್ಲಿ ಕಾಲಿನ್ ಚಾಪ್‌ಮನ್ ಇಂಗ್ಲೆಂಡಿನಲ್ಲಿ ತಂದ ಲೋಟಸ್ ಸೆವೆನ್. ಅಲ್ಲಿ ಆಗ ಪೂರ್ತಿ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಕೇಟರ್‌ಹ್ಯಾಮ್ ಕಂಪನಿ ಅದರ ಹಕ್ಕನ್ನು ಕೊಂಡಿತು. ಆ ಕಾರಿನ ವಂಶ ಇಂದಿಗೂ ಕಿಟ್ಟಾಗಿ ಮಾರಾಟವಾಗುತ್ತಿದೆ.

ನಮ್ಮಲ್ಲಿ ಕಾಯಿದೆಯ ಮಾತನ್ನು ಮೊದಲೇ ಆಡಿಬಿಡಬೇಕು, ಇಲ್ಲವಾದರೆ ಕೊಂಡವರ ದುಡ್ಡು ಮುಳುಗುತ್ತದೆ. ಹಳೆಯ ವ್ಯಾನಿನ ಎಂಜಿನ್ ತೆಗೆದು ಹೊಸ ಚಾಸಿಗೆ (ಕಾರಿನ ಅಡಿಚೌಕಟ್ಟಿಗೆ) ಕೂಡಿಸಿ, ವ್ಯಾನಿನ ಆರ್‌ಸಿ ಮೇಲೆಯೇ ರಸ್ತೆಗಿಳಿಸಲು ಬರುವುದಿಲ್ಲ. ತಯಾರಕರು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಹೊಸ ಮಾದರಿಯಾಗಿ ತರುವುದಾದರೆ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮೂಲಮಾದರಿಯ ಪರೀಕ್ಷೆ ಆಗಬೇಕು. ನಮ್ಮ ಭಾಗಕ್ಕೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ, ಆದರೆ ಪರೀಕ್ಷೆಯ ಖರ್ಚು ಸಣ್ಣ ಕಂಪನಿಗೆ ಹತ್ತಿರದ್ದಲ್ಲ. ಹಾಗಾಗಿ ಮೊದಲ ಕಿಟ್ಟನ್ನು ರೇಸ್ ಟ್ರ್ಯಾಕಿಗೆ, ಖಾಸಗಿ ಜಮೀನಿಗೆ, ಎಂಜಿನಿಯರಿಂಗ್ ಮತ್ತು ಐಟಿಐ ಕಾಲೇಜುಗಳ ಕಲಿಕೆಗೆ ಎಂದು ಮಾರುವುದೇ ಸರಿ. 'ರಸ್ತೆಗಲ್ಲ' ಎಂಬ ಮಾತು ಬಿಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿರಲಿ.

ಇನ್ನು ಚಾಸಿಗೆ ಬರೋಣ. 25×25 ಮಿ.ಮೀ. ಚೌಕ ಪೈಪು, ಗೋಡೆಯ ದಪ್ಪ 1.6 ಮಿ.ಮೀ.; ಮೀಟರಿಗೆ ಸುಮಾರು 1.15 ಕೆಜಿ ತೂಗುತ್ತದೆ. 40 ಮೀಟರ್ ಬಳಸಿದರೂ ಚೌಕಟ್ಟು 46 ಕೆಜಿಯ ಸುತ್ತ ನಿಲ್ಲುತ್ತದೆ. ಇದನ್ನು ಹಿಡಿದು ಬೆಸೆಯುವ ಜಿಗ್ಗೇ ಕಂಪನಿಯ ನಿಜವಾದ ಬಂಡವಾಳ. 3 ಮೀಟರ್ ಉದ್ದ, 1.2 ಮೀಟರ್ ಅಗಲದ ಚಾನೆಲ್ ಕಬ್ಬಿಣದ ಮೇಜು. ಅದರ ಮೇಲೆ ಸಸ್ಪೆನ್ಶನ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ಸ್ಪ್ರಿಂಗಿನ ಜೋಡಣೆ) ಕೂಡುವ ಪ್ರತಿ ಜಾಗಕ್ಕೂ 10 ಮಿ.ಮೀ.ನ ಒಂದೊಂದು ಪಿನ್ನು; ಬ್ರ್ಯಾಕೆಟ್ಟಿನ ತೂತು ಅದರಲ್ಲೇ ಕೂಡಬೇಕು.

ಈ ಮೇಜನ್ನು ನಿಲ್ಲಿಸುವಾಗಲೇ ನಮ್ಮ ನೆಲ ತನ್ನ ಗುಣ ತೋರಿಸುತ್ತದೆ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನೋಡದವರು ಇಲ್ಲಿ ಯಾರೂ ಇಲ್ಲ. ಬುನಾದಿ ಆಳಕ್ಕಿಳಿಯದ ಶೆಡ್ಡಿನ ನೆಲವೂ ಅದರ ಜೊತೆಗೇ ಏರಿ ಇಳಿಯುತ್ತದೆ. ಮೇಲೆ ಶಹಾಬಾದಿ ಫರಸಿ ಹಾಸಿದ್ದರೂ ಅಷ್ಟೇ. ಮೇಜಿಗೆ ಆರು ಕಾಲು ಕೊಟ್ಟು ನೆಲಕ್ಕೆ ಬೋಲ್ಟು ಹೊಡೆದರೆ ನೆಲ ತಿರುಚಿದಷ್ಟು ಮೇಜೂ ತಿರುಚುತ್ತದೆ. ಮೇ ತಿಂಗಳಲ್ಲಿ ಬೆಸೆದ ಚಾಸಿ ಒಂದು ಥರ, ಸೆಪ್ಟೆಂಬರಿನದು ಇನ್ನೊಂದು ಥರ. ಮೇಜಿಗೆ ಮೂರೇ ಕಾಲು ಕೊಡುವುದು ಇದಕ್ಕೆ ಪರಿಹಾರ: ಒಂದು ತುದಿಗೆ ಎರಡು, ಇನ್ನೊಂದು ತುದಿಯ ನಡುವೆ ಒಂದು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನೆಲ ಎಷ್ಟೇ ಆಡಲಿ, ಮೇಜು ವಾಲೀತು, ತಿರುಚದು. ಮೂಲೆಗೆ ಯಾರಾದರೂ ಒರಗಿದರೆ ಮಗುಚದಂತೆ ಅಲ್ಲಲ್ಲಿ ನೆಲದಿಂದ 5 ಮಿ.ಮೀ. ಮೇಲೆ ನಿಲ್ಲುವ ಕಾವಲು ಕಾಲುಗಳನ್ನು ಇಟ್ಟರೆ ಸಾಕು.

ವೆಲ್ಡಿಂಗ್ ತಣಿಯುವಾಗ ಕುಗ್ಗುತ್ತದೆ, ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಅದಕ್ಕೇ ಎಲ್ಲ ಕೂಡುಗಳಿಗೆ ಮೊದಲು ಬರೀ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹಾಕಿ, ಕರ್ಣಗಳನ್ನು ಅಳೆದು, ಎರಡು ಕರ್ಣಗಳ ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಮಾತ್ರ ಮುಂದುವರಿಯಬೇಕು. ಆಮೇಲೆ ಒಂದು ಮೂಲೆ ಬೆಸೆದರೆ ಮುಂದಿನದು ಅದಕ್ಕೆ ಎದುರಿನ ಮೂಲೆ. ಸಸ್ಪೆನ್ಶನ್ ಬ್ರ್ಯಾಕೆಟ್ಟುಗಳು ಕಟ್ಟಕಡೆಗೆ. ಅಷ್ಟರಲ್ಲಿ ದೊಡ್ಡ ಎಳೆತವೆಲ್ಲ ಮುಗಿದಿರುತ್ತದೆ. ಚೌಕಟ್ಟು ಪೂರ್ತಿ ತಣಿದ ಮೇಲೆ ಪಿನ್ನುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಜಾರಿ ಹೊರಬಂದರೆ ಚಾಸಿ ಸರಿಯಾಗಿದೆ. ಸುತ್ತಿಗೆ ಬೇಕಾಯಿತೆಂದರೆ ಚೌಕಟ್ಟು ಒಳಗೊಳಗೇ ಸೆಟೆದು ನಿಂತಿದೆ, ಜಿಗ್ಗಿನಿಂದ ಬಿಚ್ಚಿದ ಕೂಡಲೇ ಓರೆಯಾಗುತ್ತದೆ. ಈ ಹೆಬ್ಬೆರಳಿನ ಪರೀಕ್ಷೆಗೆ ಕಾಸು ಖರ್ಚಿಲ್ಲ, ಆದರೆ ಅದನ್ನು ಒಂದು ಚಾಸಿಗೂ ತಪ್ಪಿಸಬಾರದು.

ಅಳತೆಯಲ್ಲೂ ಬಿಸಿಲು ಮೋಸ ಮಾಡುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಟೇಪೂ ಚಾಸಿಯೂ ನೆರಳಲ್ಲೇ ಇದ್ದರೆ ಚಿಂತೆಯಿಲ್ಲ, ಎರಡೂ ಒಟ್ಟಿಗೆ ಹಿಗ್ಗುತ್ತವೆ. ಆದರೆ ಕಪ್ಪು ಪ್ರೈಮರ್ ಬಳಿದು ಬಿಸಿಲಲ್ಲಿಟ್ಟ 2.4 ಮೀಟರಿನ ಚಾಸಿ, ನೆರಳಿನ ಟೇಪಿಗಿಂತ 30 ಡಿಗ್ರಿ ಹೆಚ್ಚು ಕಾದಿದ್ದರೆ ಸುಮಾರು 0.9 ಮಿ.ಮೀ. ಸುಳ್ಳು ಹೇಳುತ್ತದೆ. ಎರಡು ಮಿಲಿಮೀಟರಿನ ಮಿತಿಯಲ್ಲಿ ಅರ್ಧ ಅಲ್ಲೇ ಹೋಯಿತು.

ಚೌಕಟ್ಟು ಎಷ್ಟು ಬಿಗಿಯಾಗಿದೆ ಎಂಬುದನ್ನು ಅಂದಾಜಿಗೆ ಬಿಡಬಾರದು. ಹೊರಸಿನ ಚೌಕಟ್ಟನ್ನು ಒಂದು ಮೂಲೆಯಿಂದ ನೂಕಿದರೆ ಓರೆಯಾಗುತ್ತದೆ. ಅದಕ್ಕೊಂದು ಅಡ್ಡಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಹೊಡೆದರೆ ಅಲುಗುವುದಿಲ್ಲ. ತ್ರಿಕೋನದ ಬಲ ಅದು. ಚಾಸಿಯ ಹಿಂದಿನ ಎರಡು ಸ್ಪ್ರಿಂಗ್ ಜಾಗಗಳನ್ನು ಮೇಜಿಗೆ ಬಿಗಿದು, ಮುಂಭಾಗವನ್ನು ನಟ್ಟನಡುವೆ ಒಂದು ಅಂಚಿನ ಮೇಲೆ ಕೂಡಿಸಿ. ಮುಂದೆ ಅಡ್ಡಕ್ಕೆ ತೊಲೆ ಕಟ್ಟಿ, ನಡುವಿನಿಂದ 1 ಮೀಟರ್ ದೂರದಲ್ಲಿ 50 ಕೆಜಿಯ ಒಂದು ಬೇಳೆ ಚೀಲ ತೂಗುಹಾಕಿ. ತಿರುಚುಬಲ 490 ನ್ಯೂಟನ್-ಮೀಟರ್. ನಡುವಿನಿಂದ 600 ಮಿ.ಮೀ. ದೂರದ ಡಯಲ್ ಗೇಜು (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ) 2.6 ಮಿ.ಮೀ. ತೋರಿಸಿದರೆ ಚಾಸಿ ಕಾಲು ಡಿಗ್ರಿ ತಿರುಚಿದೆ, ಅಂದರೆ ಡಿಗ್ರಿಗೆ ಸುಮಾರು 1,970 ನ್ಯೂಟನ್-ಮೀಟರ್. 600 ಕೆಜಿಯ ಕಾರಿಗೆ ಇದು ಒಪ್ಪುವ ಮಾತು. ಅರ್ಧಕ್ಕಿಂತ ಕಡಿಮೆ ಬಂದರೆ ಮೊದಲು ಎಂಜಿನ್ ಕೂಡುವ ಜಾಗ ನೋಡಿ. ಎಂಜಿನ್ ಇಳಿಸಲೆಂದು ಮೇಲೆ ಖಾಲಿ ಬಿಟ್ಟ ಆ ಚೌಕವೇ ಹೊರಸಿನಂತೆ ಆಡುತ್ತಿರುತ್ತದೆ. ಬೋಲ್ಟಿನಿಂದ ಬಿಚ್ಚಬಹುದಾದ ಒಂದು ಓರೆಪೈಪು ಹಾಕಿ ಮತ್ತೆ ಚೀಲ ತೂಗಿ ನೋಡಿದರೆ ವ್ಯತ್ಯಾಸ ಗೇಜಿನಲ್ಲೇ ಕಾಣುತ್ತದೆ.

ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸೆಲ್ಲಿಗೆ ಮಾರುತಿಯ ಓಮ್ನಿ, ಈಕೋ ವ್ಯಾನುಗಳು ಅನುಕೂಲ. ಎಂಜಿನ್ ಮುಂದಿನ ಸೀಟಿನ ಕೆಳಗೆ, ಎಳೆತ ಹಿಂದಿನ ಚಕ್ರಕ್ಕೆ. ಅದೇ ವಿನ್ಯಾಸ ನಮಗೂ ಬೇಕು. ವ್ಯಾನಿನಲ್ಲಿ ಎಂಜಿನ್ ಯಾವ ಓರೆಯಲ್ಲಿ ಕೂತಿತ್ತೋ ಅದೇ ಓರೆಯನ್ನು ಉಳಿಸಬೇಕು, ಇಲ್ಲವಾದರೆ ಎಂಜಿನ್ ತಳದ ಸಂಪಿನ ಆಯಿಲ್ ಹೀರುಕೊಳವೆಯಿಂದ ಸರಿದು ಬೇರಿಂಗು ಹೋಗುತ್ತದೆ. ಇನ್ನೊಂದು, ಬ್ರೇಕು. ವ್ಯಾನಿನ ಹಿಂದಿನ ಬ್ರೇಕು ಜನ, ಸಾಮಾನು ತುಂಬಿದ ಭಾರಕ್ಕೆ ಮಾಡಿದ್ದು. ಹಗುರ ಕಾರಿನಲ್ಲಿ ಅದೇ ಬ್ರೇಕು ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. ಹಿಂದಿನ ಬ್ರೇಕಿನ ಸಾಲಿಗೆ ಒತ್ತಡ ತಗ್ಗಿಸುವ ವಾಲ್ವು ಹಾಕಿ, ಖಾಲಿ ಮೈದಾನದಲ್ಲಿ, ಒಣ ನೆಲದಲ್ಲೂ ಒದ್ದೆ ನೆಲದಲ್ಲೂ, ಮುಂದಿನ ಚಕ್ರವೇ ಮೊದಲು ಲಾಕ್ ಆಗುವವರೆಗೆ ತಿರುಗಿಸುತ್ತ ಬರಬೇಕು. ಸರಿಯಾದ ಜಾಗ ಸಿಕ್ಕ ಮೇಲೆ ವಾಲ್ವಿಗೆ ಸೀಲು.

ಕಲಬುರಗಿಯ ಬೇಸಿಗೆ ರೇಡಿಯೇಟರಿಗೆ ನಿಜವಾದ ಪರೀಕ್ಷೆ. ರೇಡಿಯೇಟರ್ ಬಿಡುವ ಬಿಸಿ, ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ತಕ್ಕಂತೆ ಇರುತ್ತದೆ. ನೀರು 95 ಡಿಗ್ರಿ, ಗಾಳಿ 25 ಇದ್ದರೆ ಅಂತರ 70. ಗಾಳಿ 44ಕ್ಕೇರಿದರೆ ಅಂತರ 51 ಮಾತ್ರ; ಅದೇ ರೇಡಿಯೇಟರು ನೂರಕ್ಕೆ 27ರಷ್ಟು ಕಡಿಮೆ ಕೆಲಸ ಮಾಡುತ್ತದೆ. ದೊಡ್ಡದು ಹಾಕುವುದಕ್ಕೆ ಮುಂಚೆ ಅದರ ಸುತ್ತಲ ಸಂದುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಬದಿಯಲ್ಲಿ ಸಂದು ಇದ್ದರೆ ರೇಡಿಯೇಟರಿನ ಜಾಲರಿಯೊಳಗೆ ಯಾಕೆ ನುಗ್ಗೀತು? ತಗ್ಗು ಮೂತಿಯ ಕಾರಿನಲ್ಲಿ ಇನ್ನೂ ಒಂದು ಗಂಡಾಂತರವಿದೆ. ರೇಡಿಯೇಟರಿನ ತಲೆ ಎಂಜಿನ್ನಿನ ತಲೆಗಿಂತ ಕೆಳಗಿರುತ್ತದೆ, ಹಾಗಾಗಿ ಗಾಳಿಯ ಗುಳ್ಳೆ ಎಂಜಿನ್ನಿನ ಹೆಡ್ಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಉಷ್ಣತೆಯ ಮುಳ್ಳು ತಣ್ಣಗೆ ತೋರಿಸುತ್ತಿರುವಾಗಲೇ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಪದರ ಸುಟ್ಟಿರುತ್ತದೆ, ಏಕೆಂದರೆ ಸೆನ್ಸರ್ ನೀರಿನಲ್ಲಲ್ಲ, ಆವಿಯಲ್ಲಿ ನಿಂತಿದೆ. ನೀರು ತುಂಬುವ ಟ್ಯಾಂಕು ಇಡೀ ವ್ಯವಸ್ಥೆಯಲ್ಲೇ ಎತ್ತರದ ಜಾಗದಲ್ಲಿರಲಿ, ಹೆಡ್ಡಿನಿಂದ ಅದಕ್ಕೊಂದು ಸಣ್ಣ ಗಾಳಿಪೈಪು ಏರುಮುಖವಾಗಿಯೇ ಹೋಗಲಿ.

ಫೈಬರ್ ಬಾಡಿಗೂ ಇದೇ ಬಿಸಿಲಿನ ಕಾಟ. ಗಾಜಿನ ನಾರನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಉಷ್ಣತೆ ಹತ್ತು ಡಿಗ್ರಿ ಏರಿದರೆ ಹೆಚ್ಚೂಕಡಿಮೆ ಅರ್ಧ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ; ಬ್ರಷ್ಷಿನ ಕೆಲಸ ಮುಗಿಯುವ ಮೊದಲೇ ಡಬ್ಬಿ ಕಾದು ಹೊಗೆಯಾಡುತ್ತದೆ. ಬೇಸಿಗೆಯಲ್ಲಿ ಈ ಕೆಲಸ ಬೆಳಗಿನ ಜಾವಕ್ಕೆ. ಹಾರ್ಡನರ್ ನೂರಕ್ಕೆ 1ರಷ್ಟು ಸಾಕು, ಅದಕ್ಕಿಂತ ಇಳಿಸಿದರೆ ಒಳಗೆ ಹಸಿ ಉಳಿಯುತ್ತದೆ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಹಾರ್ಡನರನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್.

ಇಷ್ಟೆಲ್ಲ ಮಾಡಿಯೂ ಕಿಟ್ಟು ಸೋಲುವುದು ಬೋಲ್ಟಿನ ಚೀಲದಲ್ಲಿ. ಮಾರುತಿಯ ಭಾಗಗಳಲ್ಲಿ 10 ಮಿ.ಮೀ. ಬೋಲ್ಟಿನ ಎಳೆ ಸಾಮಾನ್ಯವಾಗಿ 1.25 ಮಿ.ಮೀ. ಅಂತರದ್ದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು 1.5 ಅಂತರದ್ದು. ಕಣ್ಣಿಗೆ ಎರಡೂ ಒಂದೇ. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದು ಬಿಗಿಯುತ್ತದೆ, ಸ್ಪ್ಯಾನರಿಗೆ ಪೈಪು ತೊಡಿಸಿ ತಿರುಗಿಸಿದರೆ ಎಳೆ ಕಿತ್ತು ಹೋಗುತ್ತದೆ. ಸ್ಟೀರಿಂಗ್ ಜಾಗದಲ್ಲಿ ಹೀಗಾದರೆ ಪ್ರಾಣಕ್ಕೇ ಕುತ್ತು. ಒಂದು ಬಗೆಯ ತಲೆಗೆ ಹಳದಿ ಬಣ್ಣ, ಇನ್ನೊಂದಕ್ಕೆ ನೀಲಿ. ಕೈಪಿಡಿಯ ಚಿತ್ರದಲ್ಲೂ ಅದೇ ಬಣ್ಣ.

ಮಾರಾಟಕ್ಕೆ ಮೊದಲು ಕನಿಷ್ಠ ಮೂರು ಕಾರು ಆಗಬೇಕು. ಮೊದಲನೆಯದು ಕೈಯಿಂದ ಕಟ್ಟಿ, ಓಡಿಸಿ, ಮುರಿದು ಕಲಿಯಲು. ಎರಡನೆಯದು ಜಿಗ್ಗು, ಅಚ್ಚುಗಳಿಂದ ಮಾತ್ರ ಬಂದದ್ದು. ಅದಕ್ಕೆ ಎಲ್ಲಾದರೂ ಗ್ರೈಂಡರ್ ಹಚ್ಚಬೇಕಾಯಿತೆಂದರೆ ತಿದ್ದಬೇಕಾದದ್ದು ಜಿಗ್ಗನ್ನು. ಮೂರನೆಯದನ್ನು ಇಬ್ಬರು ಐಟಿಐ ಹುಡುಗರಿಗೆ ಕೈಪಿಡಿಯೊಂದಿಗೆ ಒಪ್ಪಿಸಿ, ವಿನ್ಯಾಸ ಮಾಡಿದವರು ದೂರದಲ್ಲಿ ಬಾಯಿ ಮುಚ್ಚಿ ಕೂಡಬೇಕು. "ಈ ವಾಶರ್ ಒಳಗ ಬರ್ತದೋ ಹೊರಗೋ ರೀ?" ಎಂದು ಕೇಳಿದರೆ ಉತ್ತರ ಕೊಡದೆ ಬರೆದುಕೊಳ್ಳಬೇಕು. ಅಂಥ ಒಂದೊಂದು ಪ್ರಶ್ನೆಯೂ ಕೈಪಿಡಿಯಲ್ಲಿ ಬಿಟ್ಟುಹೋದ ಒಂದು ಚಿತ್ರ. ಈ ಮೂರನೆಯ ಕಾರು ಓಡುವ ತನಕ ಯಾರಿಂದಲೂ ಮುಂಗಡ ತೆಗೆದುಕೊಳ್ಳಬಾರದು. ಮುಂಗಡದ ದುಡ್ಡು ಜಿಗ್ಗಿನಲ್ಲಿ ಕರಗಿದರೆ ಪೈಪಿಗೆ ದುಡ್ಡಿರುವುದಿಲ್ಲ.

ಚೀಲಗಳನ್ನು ಎಣಿಸಿ ತುಂಬಿದ ಮೇಲೆ ತೂಗಿ ನೋಡಿ. 10 ಮಿ.ಮೀ.ನ ವಾಶರ್ ಒಂದಕ್ಕೆ ಸುಮಾರು 4 ಗ್ರಾಂ. ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದು ಕಡಿಮೆಯಾದರೂ ಗೊತ್ತಾಗುತ್ತದೆ. ಆ ತೂಕವನ್ನು ಚೀಲದ ಚೀಟಿಯ ಮೇಲೂ ಬರೆಯಿರಿ. ಔರಾದದಲ್ಲೋ ಸುರಪುರದಲ್ಲೋ ಪೆಟ್ಟಿಗೆ ಬಿಚ್ಚಿದವರು ಅಂಥದೇ ಒಂದು ತಕ್ಕಡಿಯ ಮೇಲೆ ಚೀಲವಿಟ್ಟು, ಸ್ಪ್ಯಾನರ್ ಹಿಡಿಯುವ ಮೊದಲೇ ಲೆಕ್ಕ ತಾಳೆ ನೋಡಿಕೊಳ್ಳಬಹುದು.