ಫೋರ್ಡ್ ಮಾಡೆಲ್ ಟಿ ಏರು ಹತ್ತುವಾಗ ಹಿಂದುಮುಂದಾಗಿ ಹೋಗುತ್ತಿದ್ದುದೇಕೆ?

ಪ್ರಶ್ನೆ: ಮಾಡೆಲ್ ಟಿ ಕಾರನ್ನು ಕಡಿದಾದ ಏರಿನಲ್ಲಿ ತಿರುಗಿಸಿ, ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದರಂತೆ. ಎಂಜಿನ್ನಿಗೆ ಅಷ್ಟೂ ಶಕ್ತಿ ಇರಲಿಲ್ಲವೇ?

ಹತ್ತಿಸುತ್ತಿದ್ದದ್ದು ನಿಜ, ಆದರೆ ತಪ್ಪು ಎಂಜಿನ್ನಿನದಲ್ಲ. 2.9 ಲೀಟರಿನ, 20 ಅಶ್ವಶಕ್ತಿಯ ಆ ಎಂಜಿನ್ ಹಗುರವಾದ ಗಾಡಿಗೆ ಧಾರಾಳವಾಗಿ ಸಾಲುತ್ತಿತ್ತು. ತೊಡಕಿದ್ದದ್ದು ಪೆಟ್ರೋಲ್ ಹರಿಯುವ ದಾರಿಯಲ್ಲಿ.

ಈ ಕಾರಿಗೆ ಪೆಟ್ರೋಲ್ ಪಂಪೇ ಇಲ್ಲ. ಟೂರಿಂಗ್ ಕಾರಿನಲ್ಲಿ (ತೆರೆದ ಬಾಡಿಯ ಮಾದರಿ) ಸುಮಾರು 38 ಲೀಟರಿನ ಟ್ಯಾಂಕು ಮುಂದಿನ ಸೀಟಿನ ಅಡಿಯಲ್ಲಿದೆ. ಅಲ್ಲಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕಾರ್ಬ್ಯುರೇಟರಿಗೆ (ಎಂಜಿನ್ನಿಗಾಗಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಇಳಿಯಬೇಕು. ಏರಿನಲ್ಲಿ ಮೂತಿ ಮೇಲೆದ್ದಾಗ ಕಾರ್ಬ್ಯುರೇಟರೂ ಮೇಲೇರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ತಳಮಟ್ಟದಲ್ಲಿದ್ದರೆ ಹರಿವು ನಿಂತು ಎಂಜಿನ್ ಆರಿಹೋಗುತ್ತದೆ. ಗಾಡಿ ತಿರುಗಿಸಿದರೆ ಟ್ಯಾಂಕೇ ಮೇಲಾಯಿತು! ಟ್ಯಾಂಕು ತುಂಬಿದ್ದರೆ ಈ ಕಾಟ ಅಪರೂಪ.

ಇನ್ನೊಂದು ಲಾಭ ಗೇರಿನದು. ಗೇರುಪೆಟ್ಟಿಗೆಯಲ್ಲಿ ಲೋ, ಅಂದರೆ ಮುಂದೆ ಹೋಗುವ ನಿಧಾನದ ಗೇರಿನ ಅನುಪಾತ 2.75:1, ರಿವರ್ಸ್ 4:1. ಹಾಗಾಗಿ ಚಕ್ರಕ್ಕೆ ಹೆಚ್ಚು ಎಳೆತ ಸಿಗುವುದು ರಿವರ್ಸ್‌ನಲ್ಲೇ. ರಿವರ್ಸ್‌ಗೆ ಎಡ ಪೆಡಲನ್ನು ಅರ್ಧ ಒತ್ತಿ ನ್ಯೂಟ್ರಲ್‌ನಲ್ಲಿ ಹಿಡಿದು ನಡುವಿನ ಪೆಡಲ್ ತುಳಿಯಬೇಕು. ಎಡ ಪೆಡಲನ್ನು ಪೂರ್ತಿ ಒತ್ತಿದರೆ ಲೋ. ಬಲದ್ದು ಬ್ರೇಕ್. ಲೋ ಗೇರಿನ ಡ್ರಮ್ಮನ್ನು ಸುತ್ತಿ ಬಿಗಿಹಿಡಿಯುವ ಬ್ಯಾಂಡಿನ ಹತ್ತಿಪಟ್ಟಿ ಸವೆದಿದ್ದರೆ ಎಡ ಪೆಡಲ್ ನೆಲಹಲಗೆಗೆ ತಾಗಿದರೂ ಬ್ಯಾಂಡ್ ಜಾರುತ್ತದೆ, ಗಾಡಿ ಏರುವುದಿಲ್ಲ. ಆ ಬ್ಯಾಂಡಿನ ಬಿಗಿತದ ಸ್ಕ್ರೂ ಪೆಟ್ಟಿಗೆಯ ಬಲಬದಿಯಲ್ಲಿ ಹೊರಗೇ ಇದೆ; ಲಾಕ್‌ನಟ್ ಸಡಿಲಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅತಿಯಾಗಿ ಬಿಗಿದರೆ ಬ್ಯಾಂಡ್ ಸದಾ ಡ್ರಮ್ಮನ್ನು ಉಜ್ಜಿ ಪಟ್ಟಿ ಸುಟ್ಟುಹೋಗುತ್ತದೆ.

ಎಣ್ಣೆಯನ್ನೂ ಮರೆಯಬಾರದು. ಎಣ್ಣೆ ಪಂಪಿಲ್ಲದೆ ಫ್ಲೈವೀಲ್ (ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ) ಎರಚಿದ ಎಣ್ಣೆಯೇ ಎಲ್ಲಕ್ಕೂ ಆಧಾರ. ಉದ್ದನೆಯ ಏರನ್ನು ಮೂತಿ ಮೇಲಾಗಿ ಹತ್ತಿದರೆ ಎಣ್ಣೆ ಹಿಂದಕ್ಕೆ ಸರಿದು ಮುಂದಿನ ಬೇರಿಂಗು ಒಣಗುತ್ತದೆ. ಇದು ಪೆಟ್ರೋಲ್ ನಿಲ್ಲುವುದಕ್ಕಿಂತ ದುಬಾರಿಯ ಕೇಡು.

ಭಾಗಗಳನ್ನು ಕಳೆಯುತ್ತ ಹೋಗುವುದೇ ಈ ಕಾರಿನ ಹಾದಿ. ಮೊದಲ ಸುಮಾರು 2,500 ಕಾರುಗಳಿಗೆ ವಾಟರ್ ಪಂಪ್ ಇತ್ತು. ಆಮೇಲೆ ಅದನ್ನೂ ಬಿಟ್ಟು, ಬಿಸಿನೀರು ತಾನೇ ಮೇಲೇರುವುದನ್ನೇ ನೆಚ್ಚಿದರು. 1908ರಲ್ಲಿ 850 ಡಾಲರ್ ಇದ್ದ ಟೂರಿಂಗ್ ಕಾರು 1925ರಲ್ಲಿ 290ಕ್ಕೆ ಇಳಿಯಿತು.

ಪೆಟ್ರೋಲಿನ ತೊಡಕು ನೀಗಿದ್ದು 1926ರ ಮಾದರಿಯಲ್ಲಿ: ಹೆಚ್ಚಿನ ಬಾಡಿಗಳಲ್ಲಿ ಟ್ಯಾಂಕು ವಿಂಡ್‌ಶೀಲ್ಡಿನ ಮುಂದೆ, ಎಂಜಿನ್ನಿಗಿಂತ ಎತ್ತರಕ್ಕೆ ಹೋಯಿತು. 1927ರ ಡಿಸೆಂಬರಿನಲ್ಲಿ ಬಂದ ಮಾಡೆಲ್ ಎ ಕಾರಿಗೆ 40 ಅಶ್ವಶಕ್ತಿ, ಮೂರು ಗೇರು. ಅದರಲ್ಲೂ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕು ಮಾತ್ರ ಎತ್ತರದಲ್ಲೇ ಉಳಿಯಿತು.